ಶಾಸನತಜ್ಞ ಫ್ಲೀಟರು ಮತ್ತು ಕನ್ನಡದ ಹಳ್ಳಿಗಳು

ಸಾವಳಗಿ, ಜಮಖಂಡಿ, ತೇರದಾಳ, ಮುಧೋಳ, ಬೀಳಗಿಗಳನ್ನೊಳಗೊಂಡ ಕೃಷ್ಣಾ-ಘಟಪ್ರಭೆಗಳ ಸೀಮೆಯಲ್ಲಿ ಹಳೆಯ ಊರೊಂದನ್ನು ಹೊಕ್ಕರೆ, ಗುಡಿಯ ಮುಂದೆಯೋ ಅಗಸೆಯ ಬಳಿಯೋ ಕೆರೆಯ ದಂಡೆಯ ಮೇಲೆಯೋ ಒಂದು ಬರಹದ ಕಲ್ಲು ಕಣ್ಣಿಗೆ ಬೀಳುವುದುಂಟು. ಅದರ ನೆತ್ತಿಯ ಮೇಲೆ ಸೂರ್ಯಚಂದ್ರರು, ನಡುವೆ ಶಿವಲಿಂಗವೋ ಜಿನಬಿಂಬವೋ, ಪಕ್ಕದಲ್ಲಿ ಕರುವಿಗೆ ಹಾಲೂಡುವ ಆಕಳು, ಕೆಳಗೆ ಸಾಲುಸಾಲಾಗಿ ಅಕ್ಷರಗಳು. ಆ ಅಕ್ಷರಗಳನ್ನು ಓದಬಲ್ಲವರು ಊರಿನಲ್ಲಿ ಶತಮಾನಗಳಿಂದ ಇರಲಿಲ್ಲ. ಆದರೂ ಊರವರು ಆ ಕಲ್ಲಿಗೆ ಎಣ್ಣೆಯೆರೆದರು, ಕುಂಕುಮವಿಟ್ಟರು, ಹಬ್ಬದ ದಿನ ಕಾಯೊಡೆದರು. ಹೀಗೆ ಓದಲಾರದವರ ಕಾಪಿನಲ್ಲಿ ಉಳಿದು ಬಂದ ಕಲ್ಲುಗಳನ್ನು ಓದಿ, ಅವುಗಳಿಂದ ಕನ್ನಡ ನಾಡಿನ ಅರಸುಮನೆತನಗಳ ಇತಿಹಾಸವನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಕಟ್ಟಿದ ಮಹನೀಯರು ಜಾನ್ ಫೇತ್‌ಫುಲ್ ಫ್ಲೀಟರು. ಅವರು ನಾಡಿಗೆ ಕೊಟ್ಟುದೇನು, ನಾಡು ಅವರಿಗೆ ಕೊಟ್ಟುದೇನು, ಅವರು ಎಡವಿದುದೆಲ್ಲಿ ಎಂಬ ಮೂರನ್ನೂ ಅವರ ಚರಿತ್ರೆಯಿಂದ ತಿಳಿಯಬಹುದು.

ಫ್ಲೀಟರು 1847ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದರು. ಲಂಡನ್ನಿನ ಮರ್ಚೆಂಟ್ ಟೇಲರ್ಸ್ ಶಾಲೆಯಲ್ಲಿ ವಿದ್ಯಾಭ್ಯಾಸ ಮಾಡಿ, ಇಂಡಿಯನ್ ಸಿವಿಲ್ ಸರ್ವೀಸಿಗೆ ಆಯ್ಕೆಯಾದ ಬಳಿಕ ಯೂನಿವರ್ಸಿಟಿ ಕಾಲೇಜಿನಲ್ಲಿ ಥಿಯೊಡೋರ್ ಗೋಲ್ಡ್‌ಸ್ಟುಕರ್ ಎಂಬ ಪಂಡಿತರ ಬಳಿ ಸಂಸ್ಕೃತವನ್ನು ಕಲಿತರು. 1867ರಲ್ಲಿ ಮುಂಬಯಿ ಪ್ರಾಂತಕ್ಕೆ ಬಂದಾಗ ಅವರ ವಯಸ್ಸು ಇಪ್ಪತ್ತರ ಆಸುಪಾಸು. ಕಂದಾಯದ ಕೆಲಸದಲ್ಲಿ ತೊಡಗಿ, 1872ರಲ್ಲಿ ದಕ್ಷಿಣ ವಿಭಾಗದ ಶಿಕ್ಷಣಾಧಿಕಾರಿಗಳಾದರು. 1875ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ಜಮಖಂಡಿ, ಮುಧೋಳ ಮೊದಲಾದ ಸಂಸ್ಥಾನಗಳು ಈ ಸೀಮೆಗೆ ಸೇರಿದವು. ಆದುದರಿಂದ ಇಲ್ಲಿನ ಜನರ ನಡೆನುಡಿಗಳ ಪರಿಚಯವಾಗಲು ಅವರಿಗೆ ಅವಕಾಶ ಒದಗಿತು. ಕಚೇರಿಯ ಕೆಲಸಕ್ಕೆಂದು ಕಲಿತ ಕನ್ನಡ ಅಷ್ಟಕ್ಕೇ ನಿಲ್ಲದೆ ಹಳಗನ್ನಡದ ವ್ಯಾಸಂಗಕ್ಕೆ ದಾರಿಮಾಡಿತು. ಸಂಸ್ಕೃತ, ಹಳಗನ್ನಡ, ಪಂಚಾಂಗಗಣಿತ ಈ ಮೂರೂ ಒಬ್ಬರಲ್ಲಿಯೇ ನೆಲೆಸಿದುದು ಮುಂದಿನ ಮಹತ್ಕಾರ್ಯಕ್ಕೆ ತಳಹದಿಯಾಯಿತು.

ಅವರಿಗಿಂತ ಮೊದಲು ಈ ದಾರಿಯಲ್ಲಿ ನಡೆದವರು ಸರ್ ವಾಲ್ಟರ್ ಎಲಿಯಟ್ಟರು. 1824ರ ಕಿತ್ತೂರು ಯುದ್ಧದಲ್ಲಿ ರಾಣಿ ಚೆನ್ನಮ್ಮನ ಸೈನ್ಯಕ್ಕೆ ಸೆರೆಸಿಕ್ಕಿ, ಯಾವ ಅಪಾಯವೂ ಆಗದಂತೆ ಉಳಿದು ಬಂದ ಅಧಿಕಾರಿ ಇವರೇ. ಅದೇ ಎಲಿಯಟ್ಟರು ಮುಂದೆ ಸ್ಥಳೀಯ ಲಿಪಿಕಾರರ ನೆರವಿನಿಂದ ಕರ್ನಾಟಕದ ಊರೂರುಗಳ 595 ಶಾಸನಗಳನ್ನು ಪ್ರತಿಮಾಡಿಸಿದರು. ಆ ಲಿಪಿಕಾರರ ಹೆಸರುಗಳು ವಿದ್ವಲ್ಲೋಕದಲ್ಲಿ ಹೆಚ್ಚಾಗಿ ಕೇಳಿಬರುವುದಿಲ್ಲ. ಆದರೆ ಅವರು ಕಲ್ಲಿನ ಮುಂದೆ ಕುಳಿತು ಬರೆದುಕೊಂಡ ಪ್ರತಿಗಳೇ ಫ್ಲೀಟರ ಕೈಗೆ ಬಂದು, ಎಲ್ಲಿ ಯಾವ ಶಾಸನವುಂಟೆಂಬುದಕ್ಕೆ ದಾರಿತೋರುಕವಾದವು.

ಫ್ಲೀಟರು ಬಂದ ಕಾಲದಲ್ಲಿ ಸಾಹೇಬರೊಬ್ಬರು ಊರಿಗೆ ಬಂದು ಹಳೆಯ ಬರಹ ತೋರಿಸಿರೆಂದು ಕೇಳುವುದು ಸಾಮಾನ್ಯ ಸಂಗತಿಯಾಗಿರಲಿಲ್ಲ. 1852ರ ಕಾಯಿದೆಯಿಂದ ಬಲಪಡೆದ ಇನಾಮು ಕಮಿಷನ್ನು ಈ ಸೀಮೆಯ ದೇಸಾಯಿ, ದೇಶಪಾಂಡೆ, ಜಂಗಮ, ಪೂಜಾರಿ ಮೊದಲಾದವರ ಉಂಬಳಿ ಭೂಮಿಗಳ ಕಾಗದಪತ್ರಗಳನ್ನು ಕೆದಕಿ, ಆಧಾರ ಸಾಲದೆಂದು ಎಷ್ಟೋ ಭೂಮಿಗಳಿಗೆ ಕಂದಾಯ ವಿಧಿಸಿತ್ತು. 1858ರ ನರಗುಂದದ ದಂಗೆಗೆ ಒಳಗಿನ ಕಾರಣಗಳಲ್ಲಿ ಇಂತಹ ಅಸಮಾಧಾನವೂ ಒಂದು. ಮನೆಯ ಜಂತಿಯಲ್ಲೋ ಮಠದ ಪೆಟ್ಟಿಗೆಯಲ್ಲೋ ಇದ್ದ ತಾಮ್ರಪಟವೆಂದರೆ ಮನೆತನದ ಭೂಮಿಗೆ ಹಕ್ಕುಪತ್ರ. ಅದನ್ನು ಕಂದಾಯ ಇಲಾಖೆಯ ಅಧಿಕಾರಿಯ ಕೈಗೆ ಕೊಡಲು ಒಡೆಯರು ಅಂಜಿದರೆ ಆಶ್ಚರ್ಯವಿಲ್ಲ. ಇನ್ನೊಂದೆಡೆ, ಶಾಸನದ ಕಲ್ಲು ನಿಧಿಯ ಗುರುತೆಂದೂ ಅದನ್ನು ಓದಿದವನು ಹೊನ್ನಿನ ಕೊಪ್ಪರಿಗೆಯನ್ನು ಎತ್ತಿಕೊಂಡು ಹೋಗುವನೆಂದೂ ಜನರಲ್ಲಿ ನಂಬಿಕೆಯಿದ್ದಿತು. ಹೀಗೆ ಇತಿಹಾಸಶೋಧಕನಿಗೂ ಹಳ್ಳಿಗನಿಗೂ ನಡುವೆ ಒಂದು ಸಂಶಯದ ಗೋಡೆ ನಿಂತಿತ್ತು. ಅಧಿಕಾರದ ಭಯವೊಂದರಿಂದಲೇ ಆ ಗೋಡೆ ಬೀಳುವಂತಹುದಲ್ಲ.

ಶಾಸನದ ಕೆಲಸವಾದರೋ ಊರವರ ಸಹಾಯವಿಲ್ಲದೆ ಸಾಗದು. ಕಲ್ಲು ಎಲ್ಲಿದೆಯೆಂದು ಹೇಳಬೇಕಾದವರು ಗೌಡ, ಕುಲಕರ್ಣಿ, ಪೂಜಾರಿಗಳು. ನೆಲದಲ್ಲಿ ಹೂತ ಕಲ್ಲನ್ನು ಎತ್ತಿ ನಿಲ್ಲಿಸಬೇಕಾದವರು ಊರಿನ ಆಳುಗಳು. ಅನೇಕ ವರ್ಷಗಳ ಎಣ್ಣೆಯ ಜಿಡ್ಡನ್ನು, ಸುಣ್ಣದ ಹೊರೆಯನ್ನು ತೊಳೆಯಬೇಕು. ಆಮೇಲೆ ಒದ್ದೆ ಕಾಗದವನ್ನು ಕಲ್ಲಿಗೆ ಹೊದಿಸಿ, ಕೂದಲಿನ ಬ್ರಷ್ಷಿನಿಂದ ಮೆಲ್ಲನೆ ಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿಯನ್ನು ಒತ್ತಿದರೆ ಕಪ್ಪು ನೆಲದಲ್ಲಿ ಬಿಳಿಯ ಅಕ್ಷರಗಳು ಮೂಡುತ್ತವೆ. ಪೂಜೆಗೊಳ್ಳುವ ಕಲ್ಲನ್ನು ಹೀಗೆ ತೊಳೆದು ಬಡಿಯಲು ಊರವರು ಒಪ್ಪಬೇಕು.

ಆ ಕಲ್ಲುಗಳ ಕೊನೆಯ ಸಾಲುಗಳಲ್ಲಿ ಏನಿದೆಯೆಂಬುದನ್ನು ಇಲ್ಲಿ ನೆನೆಯಬೇಕು. ದಾನಶಾಸನದ ಕೊನೆಗೆ ಬರುವುದು ಫಲಶ್ರುತಿ ಮತ್ತು ಶಾಪ. ಈ ಧರ್ಮವನ್ನು ಕಾಯ್ದವರಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ದಾನಮಾಡಿದ ಪುಣ್ಯ, ಅಳಿದವರಿಗೆ ಅಲ್ಲಿಯೇ ಅವನ್ನು ಕೊಂದ ಪಾಪ ಎಂಬುದು ಅದರ ಸಾರ. ಕಲ್ಲು ತನ್ನ ರಕ್ಷಣೆಯನ್ನು ಊರಿನ ಮುಂದಿನ ಪೀಳಿಗೆಗೇ ಒಪ್ಪಿಸಿತ್ತು. ಅಕ್ಷರ ಮರೆತರೂ ಊರು ಆ ಅಪ್ಪಣೆಯನ್ನು ಬಹುಮಟ್ಟಿಗೆ ನಡೆಸಿಕೊಂಡು ಬಂದಿತು.

ಫ್ಲೀಟರ ಮೊದಲ ಮುಖ್ಯ ಲೇಖನಗಳು ಮುಂಬಯಿಯ ಏಷಿಯಾಟಿಕ್ ಸೊಸಾಯಿಟಿಯ ಪತ್ರಿಕೆಯಲ್ಲಿ ಹೊರಬಂದವು. ಹಲಸಿ, ದೇಗಾಂವೆಗಳ ಕದಂಬ ಶಾಸನಗಳು, ಸವದತ್ತಿ ಮತ್ತು ಬೆಳಗಾವಿಯ ರಟ್ಟರ ಶಾಸನಗಳು ಅವುಗಳ ವಿಷಯ. ಯಲ್ಲಮ್ಮನ ಜಾತ್ರೆಗೆಂದು ಸವದತ್ತಿಗೆ ಹೋಗಿ ಬರುತ್ತಿದ್ದ ಲಕ್ಷಾಂತರ ಜನರಿಗೆ, ಆ ಊರು ಒಂದು ಕಾಲಕ್ಕೆ ಸುಗಂಧವರ್ತಿಯೆಂಬ ಹೆಸರಿನ ರಾಜಧಾನಿಯಾಗಿತ್ತೆಂಬ ಸಂಗತಿ ಈ ಮೂಲಕ ತಿಳಿಯುವಂತಾಯಿತು.

1874ರಲ್ಲಿ ಪುರಾತತ್ತ್ವ ಸರ್ವೇಕ್ಷಣೆಯ ಜೇಮ್ಸ್ ಬರ್ಜೆಸ್ಸರು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳ ಗುಡಿಗಳನ್ನು ಅಳೆದು ಚಿತ್ರಿಸಿದರು. ಅಲ್ಲಿಯ ಶಾಸನಗಳನ್ನು ಓದಿ ಪ್ರಕಟಿಸುವ ಭಾರ ಬಹುಮಟ್ಟಿಗೆ ಫ್ಲೀಟರ ಮೇಲೆ ಬಿದ್ದಿತು. ಐಹೊಳೆಯ ಮೇಗುಟಿಯಲ್ಲಿ ರವಿಕೀರ್ತಿಯು ರಚಿಸಿದ ಶಕ 556, ಎಂದರೆ ಕ್ರಿ. ಶ. 634ರ ಪ್ರಶಸ್ತಿಯನ್ನು ಅವರು ಸಂಪಾದಿಸಿದರು. ಇಮ್ಮಡಿ ಪುಲಕೇಶಿಯು ಹರ್ಷವರ್ಧನನನ್ನು ಗೆದ್ದ ವೃತ್ತಾಂತಕ್ಕೂ ಕಾಳಿದಾಸ, ಭಾರವಿಗಳ ಕಾಲನಿರ್ಣಯಕ್ಕೂ ಈ ಶಾಸನವೇ ಆಧಾರ. ಬಾದಾಮಿಯ ಬಂಡೆಯ ಮೇಲಿರುವ ಕಪ್ಪೆ ಅರಭಟ್ಟನ ಶಾಸನವನ್ನು 1881ರಲ್ಲಿ ಪ್ರಕಟಿಸಿದವರೂ ಅವರೇ. ಅದರಲ್ಲಿರುವುದು ತ್ರಿಪದಿ. ಬಂಡೆಯ ಮೇಲಿನ ಆ ಛಂದಸ್ಸೇ ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳ ಕೊರಳಲ್ಲಿ ಜೀವಂತವಾಗಿ ಉಳಿದಿತ್ತು.

ಐಹೊಳೆಯಲ್ಲಿ ಆಗ ಜನರು ಗುಡಿಗಳ ನಡುವೆಯೇ, ಕೆಲವೆಡೆ ಗುಡಿಗಳ ಒಳಗೆಯೇ ಸಂಸಾರ ಮಾಡಿಕೊಂಡಿದ್ದರು. ಲಾಡಖಾನ ಎಂಬಾತ ವಾಸವಾಗಿದ್ದ ಗುಡಿಗೆ ಅವನ ಹೆಸರೇ ನಿಂತಿತು. ಗೌಡರ ಗುಡಿ, ಹುಚ್ಚಿಮಲ್ಲಿ ಗುಡಿ ಎಂಬ ಹೆಸರುಗಳೂ ಊರವರ ಬಾಯಿಂದ ಬಂದವು. ಇಂದು ಲೋಕದ ವಿದ್ವಾಂಸರೆಲ್ಲ ಗ್ರಂಥಗಳಲ್ಲಿ ಬಳಸುವುದು ಆ ಹೆಸರುಗಳನ್ನೇ.

1878ರಲ್ಲಿ ಫ್ಲೀಟರು ಪಾಲಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಛಾಯಾಚಿತ್ರಗಳ ಬೃಹತ್ಸಂಪುಟವನ್ನು ಹೊರತಂದರು. 1882ರಲ್ಲಿ ಮುಂಬಯಿ ಪ್ರಾಂತದ ಕನ್ನಡ ಜಿಲ್ಲೆಗಳ ರಾಜವಂಶಗಳನ್ನು ಕುರಿತ ಗ್ರಂಥ ಪ್ರಕಟವಾಯಿತು. ಮುಂದೆ ಅದನ್ನು ವಿಸ್ತರಿಸಿ ಮುಂಬಯಿ ಗೆಜೆಟಿಯರಿಗಾಗಿ ಹೊಸದಾಗಿ ಬರೆದರು. ಕದಂಬರು, ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು, ಕಲ್ಯಾಣದ ಚಾಲುಕ್ಯರು, ಕಳಚುರಿಗಳು, ಸೇವುಣರು ಯಾರ ಬಳಿಕ ಯಾರೆಂಬುದು ಇಂದು ಶಾಲೆಯ ಬಾಲಕನಿಗೂ ತಿಳಿದಿದೆ. ಈ ಕ್ರಮವು ನೆಲೆಗೊಳ್ಳಲು ಆ ಗ್ರಂಥವೇ ದೊಡ್ಡ ಕಾರಣ. 1883ರಲ್ಲಿ ಭಾರತ ಸರ್ಕಾರವು ಶಾಸನತಜ್ಞರ ಹುದ್ದೆಯನ್ನು ನಿರ್ಮಿಸಿ ಅದಕ್ಕೆ ಪ್ರಥಮತಃ ಇವರನ್ನೇ ನಿಯಮಿಸಿತು. 1886ರವರೆಗೆ ಆ ಹುದ್ದೆಯಲ್ಲಿದ್ದು, ಗುಪ್ತ ಚಕ್ರವರ್ತಿಗಳ ಶಾಸನಗಳನ್ನು ಸಂಗ್ರಹಿಸಿ 1888ರಲ್ಲಿ ಪ್ರಕಟಿಸಿದರು. ಗುಪ್ತಶಕೆಯ ಆರಂಭ ಕ್ರಿ. ಶ. 319-20 ಎಂದು ಸ್ಥಿರಪಡಿಸಿದ್ದು ಆ ಗ್ರಂಥದ ಹಿರಿಮೆ.

1885ರಿಂದ 1891ರವರೆಗೆ ರಿಚರ್ಡ್ ಟೆಂಪಲ್ಲರೊಡನೆ ಇಂಡಿಯನ್ ಆಂಟಿಕ್ವೆರಿ ಪತ್ರಿಕೆಯ ಸಂಪಾದಕತ್ವವನ್ನೂ ಫ್ಲೀಟರು ವಹಿಸಿದ್ದರು. ತೇರದಾಳದ ನೇಮಿನಾಥ ಬಸದಿಗೆ ಸಂಬಂಧಿಸಿದ 12ನೆಯ ಶತಮಾನದ ಶಾಸನವನ್ನು ಕನ್ನಡ ನಾಡಿನವರೇ ಆದ ಕೆ. ಬಿ. ಪಾಠಕರು ಸಂಪಾದಿಸಿ ಇದೇ ಪತ್ರಿಕೆಯಲ್ಲಿ 1885ರಲ್ಲಿ ಬೆಳಕಿಗೆ ತಂದರು. ಹೊರಗಿನವರು ಹಾಕಿದ ದಾರಿಯಲ್ಲಿ ನಾಡಿನ ಪಂಡಿತರೂ ಸರಿಸಮರಾಗಿ ನಡೆಯತೊಡಗಿದುದಕ್ಕೆ ಇದು ಒಳ್ಳೆಯ ನಿದರ್ಶನ.

ಇದೇ ಪತ್ರಿಕೆಯಲ್ಲಿ ಫ್ಲೀಟರು ಮಾಡಿದ ಮತ್ತೊಂದು ಕಾರ್ಯವು ಈ ಸೀಮೆಯವರಿಗೆ ವಿಶೇಷವಾಗಿ ಸ್ಮರಣೀಯವಾದುದು. ಕಲ್ಲಿನ ಬರಹವನ್ನು ಅರಸುತ್ತ ತಿರುಗುತ್ತಿದ್ದ ಅವರ ಕಿವಿಗೆ ಲಾವಣಿಗಳು ಬಿದ್ದವು. 1885ರಿಂದ ಮುಂದಿನ ಕೆಲವು ವರ್ಷಗಳಲ್ಲಿ ಅವನ್ನು ಕನ್ನಡ ಮೂಲ ಮತ್ತು ಇಂಗ್ಲಿಷ್ ಅನುವಾದಗಳೊಡನೆ ಅಚ್ಚು ಹಾಕಿಸಿದರು. ಆ ಹಾಡುಗಳಲ್ಲಿ ಒಂದು ಸಂಗೊಳ್ಳಿ ರಾಯಣ್ಣನದು. ಮತ್ತೊಂದು ಮುಧೋಳ ಸಂಸ್ಥಾನದ ಹಲಗಲಿಯ ಬೇಡರದು. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ಬಂದಾಗ, ತಲೆತಲಾಂತರದ ಹತಾರಗಳನ್ನು ಕೊಡೆವೆಂದು ಜಡಗ, ಬಾಲ, ಹನುಮ, ರಾಮ ಮೊದಲಾದ ವೀರರು ನಿಂತರು. ಆ ವರ್ಷದ ನವೆಂಬರಿನಲ್ಲಿ ಕಂಪನಿಯ ದಂಡು ಹಲಗಲಿಯ ಮೇಲೆ ಬಿದ್ದು ಊರನ್ನು ಸುಟ್ಟಿತು. ಸೆರೆಸಿಕ್ಕವರಲ್ಲಿ ಹಲವರನ್ನು ಗಲ್ಲಿಗೇರಿಸಿತು. ಆ ಕಥೆಯನ್ನು ಕುರ್ತಕೋಟಿಯ ಕಲ್ಮೇಶನ ಅಂಕಿತವಿಟ್ಟು ಲಾವಣಿಕಾರನು ಕಟ್ಟಿದ್ದನು.

ಆ ಹಾಡು ಸರ್ಕಾರಕ್ಕೆ ಪ್ರಿಯವಾಗುವಂತಹುದಲ್ಲ. ಅದರಲ್ಲಿ ಸತ್ತವರು ವೀರರು, ಕೊಂದವರು ಫ್ಲೀಟರ ಜನ. ಆದಾಯ ತೆರಿಗೆಯನ್ನು ಕುರಿತ ಲಾವಣಿಯನ್ನೂ ಅವರು ಬಿಡಲಿಲ್ಲ. ತೆರಿಗೆ ವಸೂಲಿಯ ಇಲಾಖೆಯಲ್ಲಿದ್ದ ಅಧಿಕಾರಿಯೊಬ್ಬನು ತೆರಿಗೆಯ ಮೇಲಿನ ಜನರ ಗೋಳನ್ನು ಅಚ್ಚಿನಲ್ಲಿ ಉಳಿಸಿದುದು ವಿಶೇಷವೇ ಸರಿ. ಹಲಗಲಿಯ ಮನೆಗಳು ಬೂದಿಯಾಗಿ 30 ವರ್ಷ ಕಳೆಯುವುದರೊಳಗೆ, ಆ ಊರಿನ ಮಾತು ಲಂಡನ್ನಿನ ಗ್ರಂಥಾಲಯದವರೆಗೆ ಹೋಗಿ ನಿಂತಿತು. ಊರಿನವರು ಹಾಡಿ ಉಳಿಸಿದರು; ಸಾಹೇಬರು ಬರೆದು ಉಳಿಸಿದರು.

ಫ್ಲೀಟರ ಪಾಂಡಿತ್ಯದಲ್ಲಿ ಕಾಠಿಣ್ಯವೂ ಇತ್ತು. ತಿಥಿ, ವಾರ, ನಕ್ಷತ್ರಗಳನ್ನು ಗಣಿತದಿಂದ ಪರಿಶೀಲಿಸಿ, ಹೊಂದದ ತಾಮ್ರಶಾಸನಗಳನ್ನು ಕೂಟಶಾಸನಗಳೆಂದು ತಳ್ಳಿಹಾಕುತ್ತಿದ್ದರು. ಗಂಗರ ಅನೇಕ ತಾಮ್ರಪಟಗಳು ಅವರ ಈ ಪರೀಕ್ಷೆಗೆ ಸಿಕ್ಕಿದವು. ಮೈಸೂರಿನ ಶಾಸನಾಚಾರ್ಯ ಬಿ. ಎಲ್. ರೈಸರಿಗೂ ಅವರಿಗೂ ಈ ವಿಷಯದಲ್ಲಿ ದೀರ್ಘವಾದ ವಿವಾದವೇ ನಡೆಯಿತು. ಇಂತಹ ನಿಷ್ಠುರತೆಯಿಂದ ಇತಿಹಾಸಕ್ಕೆ ಉಪಕಾರವಾಯಿತು. ಆದರೆ ಅದೇ ನಿಷ್ಠುರತೆಯು ಒಂದು ಸಂದರ್ಭದಲ್ಲಿ ಅವರನ್ನು ತಪ್ಪುದಾರಿಗೂ ಎಳೆಯಿತು.

ಈಗ ಹಾವೇರಿ ಜಿಲ್ಲೆಯಲ್ಲಿರುವ ಹಿರೇಕೆರೂರು ತಾಲೂಕಿನ ಅಬ್ಬಲೂರಿನಲ್ಲಿ ಸೋಮೇಶ್ವರ ದೇವಾಲಯವಿದೆ. ಅಲ್ಲಿಯ ಸುಮಾರು 1200ರ ಶಾಸನದಲ್ಲಿ ಏಕಾಂತದ ರಾಮಯ್ಯನ ಚರಿತ್ರೆ ವಿಸ್ತಾರವಾಗಿ ಬಂದಿದೆ. ಗುಡಿಯ ಶಿಲ್ಪಗಳಲ್ಲಿಯೂ ಆ ಕಥೆಯನ್ನು ಕಂಡರಿಸಿದ್ದಾರೆ. ಫ್ಲೀಟರು ಅಬ್ಬಲೂರಿನ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದ ಐದನೆಯ ಸಂಪುಟದಲ್ಲಿ ಸಂಪಾದಿಸಿದರು. ಪಾಠಸಂಪಾದನೆ ನಿರ್ದುಷ್ಟವಾದುದು. ಆದರೆ ಅದರಿಂದ ಅವರು ತೆಗೆದ ತಾತ್ಪರ್ಯ ಬೇರೆ. 12ನೆಯ ಶತಮಾನದ ಶೈವೋಜ್ಜೀವನಕ್ಕೆ ನಿಜವಾದ ನಾಯಕನು ಏಕಾಂತದ ರಾಮಯ್ಯನೆಂದೂ, ಬಸವಣ್ಣನವರ ವಿಷಯದಲ್ಲಿ ಪುರಾಣಗಳು ಹೇಳುವುದಕ್ಕೆ ಶಾಸನದ ಬೆಂಬಲವಿಲ್ಲವೆಂದೂ ಅವರು ಭಾವಿಸಿದರು.

ಈ ಮಾತು ವೀರಶೈವ ಸಮಾಜಕ್ಕೆ ನೋವನ್ನುಂಟುಮಾಡುವಂತಹುದಾಗಿತ್ತು. ದಿನದಿನವೂ ಯಾರ ನಾಮಸ್ಮರಣೆಯಿಂದ ಜನರ ಬೆಳಗು ಮೂಡುವುದೋ, ಅವರಿಗೆ ಇತಿಹಾಸದಲ್ಲಿ ಸ್ಥಾನ ಸಂದಿಗ್ಧವೆಂದು ದೊಡ್ಡ ವಿದ್ವಾಂಸರೊಬ್ಬರು ಬರೆದರೆ, ಅದನ್ನು ಸುಲಭವಾಗಿ ಅಲ್ಲಗಳೆಯಲೂ ಆಗದು. ಫ್ಲೀಟರು ದ್ವೇಷದಿಂದ ಹಾಗೆ ಬರೆದವರಲ್ಲ. ತಮ್ಮ ಮುಂದಿದ್ದ ಸಾಮಗ್ರಿಯಿಂದ ಬರೆದರು. ಆ ಸಾಮಗ್ರಿಯಾದರೋ ಅಲ್ಪ. ಬಸವಪುರಾಣ, ಚೆನ್ನಬಸವಪುರಾಣಗಳು ವುರ್ತ್ ಎಂಬ ಪಾದ್ರಿಯ ಸಂಕ್ಷಿಪ್ತ ಇಂಗ್ಲಿಷ್ ಅನುವಾದದಲ್ಲಿ ವಿದ್ವಾಂಸರಿಗೆ ದೊರೆತಿದ್ದವು. ಭೀಮಕವಿಯ ಬಸವಪುರಾಣವೇ 1369ರದು, ಎಂದರೆ ಬಸವಣ್ಣನವರಿಂದ 200 ವರ್ಷ ಈಚಿನದು. ಶರಣರ ಕಾಲದ ನಿಜಸಾಕ್ಷ್ಯವಾದ ವಚನಗಳು ಮಠಗಳಲ್ಲಿಯೂ ಭಕ್ತರ ಮನೆಗಳಲ್ಲಿಯೂ ತಾಡೋಲೆಯ ಕಟ್ಟುಗಳಾಗಿ ವಸ್ತ್ರದೊಳಗೆ ಪೂಜೆಗೊಳ್ಳುತ್ತಿದ್ದವು. ಕಲ್ಲು ಬಯಲಿನಲ್ಲಿತ್ತು, ಓಲೆ ದೇವರ ಜಗುಲಿಯ ಮೇಲಿತ್ತು. ಸಾಹೇಬರು ಬಯಲಿನವರೆಗೆ ಬಂದರು, ಜಗುಲಿಯವರೆಗೆ ಬರಲಾಗಲಿಲ್ಲ.

ಆ ಕೆಲಸವನ್ನು ಮಾಡಬೇಕಾದವರು ಆ ಜಗುಲಿಗೆ ಸಲ್ಲುವವರೇ ಆಗಿದ್ದರು. ವಿಜಾಪುರದ ವಕೀಲರಾದ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 20ನೆಯ ಶತಮಾನದ ಆರಂಭದಲ್ಲಿ ಇದೇ ಸೀಮೆಯ ಬನಹಟ್ಟಿ, ಗೋಠೆಗಳಲ್ಲಿ ತಾಡೋಲೆಗಳನ್ನು ಕಂಡು ಬೆರಗಾಗಿ, ಊರೂರು ತಿರುಗಿ, ಮನೆಮನೆಯ ಬಾಗಿಲಲ್ಲಿ ನಿಂತು ಅವನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು, 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಫ್ಲೀಟರಿಗೆ ಉತ್ತರ ಕೊಡಬೇಕೆಂಬುದೇ ಅವರ ಗುರಿಯಾಗಿರಲಿಲ್ಲ. ಆದರೂ ಅವರ ತಪಸ್ಸಿನಿಂದ ಉತ್ತರವು ತಾನಾಗಿ ಸಿದ್ಧವಾಯಿತು. ಶಾಸನದ ಉತ್ತರವೂ ಬಂದಿತು. ಹುಕ್ಕೇರಿ ತಾಲೂಕಿನ ಅರ್ಜುನವಾಡದಲ್ಲಿ ಊರವರ ನಡುವೆ ಉಳಿದಿದ್ದ ಸೇವುಣ ಕನ್ನರದೇವನ ಕಾಲದ ಶಕ 1182, ಎಂದರೆ 1260ರ ಶಾಸನವು ಬಾಗೇವಾಡಿಯ ಮಾದಿರಾಜನ ಮಗನಾದ ಬಸವರಾಜನನ್ನೂ ಅವನ ವಂಶದವರನ್ನೂ ಹೆಸರಿಸುತ್ತದೆ. ಕಲ್ಲಿನ ಸಾಕ್ಷ್ಯವಿಲ್ಲವೆಂಬ ಮಾತಿಗೆ ಕಲ್ಲೇ ಸಾಕ್ಷಿ ನುಡಿಯಿತು. ಆ ಕಲ್ಲನ್ನು ಓದಿದುದು ಫ್ಲೀಟರು ನೆಲೆಗೊಳಿಸಿದ ವಿಧಾನದಿಂದಲೇ ಎಂಬುದನ್ನೂ ಮರೆಯಲಾಗದು.

1891ರಿಂದ ಫ್ಲೀಟರು ದಕ್ಷಿಣ ವಿಭಾಗದ ಕಮಿಷನರಾಗಿಯೂ ಬಳಿಕ ಇತರ ಉನ್ನತ ಪದವಿಗಳಲ್ಲಿಯೂ ಇದ್ದು 1897ರಲ್ಲಿ ನಿವೃತ್ತರಾದರು. ಸ್ವದೇಶಕ್ಕೆ ಹಿಂದಿರುಗಿದ ಮೇಲೂ ಲೇಖನಿಯನ್ನು ಕೆಳಗಿಡಲಿಲ್ಲ. 1906ರಿಂದ ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸಾಯಿಟಿಯ ಗೌರವ ಕಾರ್ಯದರ್ಶಿಗಳಾಗಿ ದುಡಿದರು. 1917ರ ಫೆಬ್ರವರಿ 21ರಂದು ದಿವಂಗತರಾದರು. ಅದೇ 1917ರಲ್ಲಿ ಆಲೂರ ವೆಂಕಟರಾಯರ ಕರ್ನಾಟಕ ಗತವೈಭವ ಹೊರಬಂದಿತು. ಫ್ಲೀಟರು ಇಂಗ್ಲಿಷಿನಲ್ಲಿ ವಿದ್ವಾಂಸರಿಗಾಗಿ ಬರೆದ ಚಾಲುಕ್ಯ, ರಾಷ್ಟ್ರಕೂಟರ ಕಥೆಯು ಕನ್ನಡದ ಮಾತಿನಲ್ಲಿ ಕನ್ನಡಿಗರ ಮನೆಗೆ ಬಂದಿತು. ನಾಡಿನ ಏಕೀಕರಣಕ್ಕೆ ಹುರುಪು ತುಂಬಿದ ಆ ಪುಸ್ತಕದ ಹಿಂದೆ, ಎಣ್ಣೆ ಹಚ್ಚಿ ಕಲ್ಲು ಕಾಯ್ದ ಅನಾಮಧೇಯರೂ ಇದ್ದಾರೆ, ಆ ಕಲ್ಲನ್ನು ಓದಿದ ಪರದೇಶದ ಪಂಡಿತರೂ ಇದ್ದಾರೆ.

ಪಂಡಿತರು ಮತ್ತು ಊರವರ ನಡುವಣ ಈ ಸಂಬಂಧ ಇಂದಿಗೂ ಸುಸೂತ್ರವಾಗಿಲ್ಲ. 1904ರ ಕಾಯಿದೆಯಿಂದ ಮೊದಲುಗೊಂಡು 1958ರ ಕಾಯಿದೆಯವರೆಗೆ ಸ್ಮಾರಕರಕ್ಷಣೆಯ ಅಧಿಕಾರ ಸರ್ಕಾರದ ಕೈಗೆ ಬಂದಿತು. 2010ರ ತಿದ್ದುಪಡಿಯಂತೆ ಕೇಂದ್ರದ ಸಂರಕ್ಷಿತ ಸ್ಮಾರಕದ ಸುತ್ತಣ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಐಹೊಳೆಯಲ್ಲಿ ಗುಡಿಗಳಿಗೆ ಒತ್ತಿ ಬಾಳುವವರನ್ನು ಬೇರೆಡೆ ನೆಲೆಗೊಳಿಸುವ ಪ್ರಶ್ನೆ ದಶಕಗಳಿಂದ ನಡೆದು ಬಂದಿದೆ. ಕಲ್ಲನ್ನು ಉಳಿಸಲು ಕಾಯ್ದವರನ್ನೇ ಹೊರಗಿಡಬೇಕಾದುದು ಕಠಿಣ ಸಮಸ್ಯೆ. ಗುಡಿಯನ್ನು ಉಳಿಸಿದವರ ಮಕ್ಕಳಿಗೆ ನ್ಯಾಯವಾದ ನೆಲೆಯನ್ನು ಕೊಡದೆ ಅದು ಬಗೆಹರಿಯದು.

ಊರವರ ಕಡೆಯಿಂದಲೂ ಒಂದು ತಪ್ಪು ನಡೆಯುತ್ತಿದೆ. ಹಿಂದೆ ಬಡತನದಲ್ಲಿಯೂ ಕಲ್ಲು ಉಳಿಯಿತು, ಇಂದು ಸಿರಿತನದಲ್ಲಿ ಅಳಿಯುತ್ತಿದೆ. ಜೀರ್ಣೋದ್ಧಾರವೆಂಬ ಸತ್ಸಂಕಲ್ಪದಿಂದ ದಾನಿಗಳು ಹಣ ಕೊಡುತ್ತಾರೆ. ಗಾರೆಯವರು ಶಾಸನದ ಕಲ್ಲನ್ನು ಪಾಯಕ್ಕೆ ಹಾಕುತ್ತಾರೆ, ಗ್ರಾನೈಟನ್ನು ಮೇಲೆ ಹೊದಿಸುತ್ತಾರೆ, ಇಲ್ಲವೆ ಎಣ್ಣೆಬಣ್ಣ ಬಳಿದು ಅಕ್ಷರಗಳನ್ನು ಮುಚ್ಚುತ್ತಾರೆ. 800 ವರ್ಷಗಳ ಹಿಂದಿನ ದಾನಿಯ ಹೆಸರನ್ನು ಅಳಿಸಿ ಇಂದಿನ ದಾನಿಯ ಹೆಸರಿನ ಫಲಕವನ್ನು ನಿಲ್ಲಿಸಿದರೆ ಧರ್ಮವು ಬೆಳೆದಂತಾಗದು. ಗುಡಿಯ ಕೆಲಸಕ್ಕೆ ಕೈಹಾಕುವ ಮೊದಲು ಬರಹದ ಕಲ್ಲುಗಳಾವುವೆಂದು ನೋಡಿಸಿ, ಪಡಿಯಚ್ಚು ತೆಗೆಸಿ, ಅವನ್ನು ಗೌರವದ ಸ್ಥಳದಲ್ಲಿ ನಿಲ್ಲಿಸುವುದಕ್ಕೆ ಹೆಚ್ಚಿನ ವೆಚ್ಚವೇನೂ ತಗಲದು. ಶಿಕ್ಷಕರು ವರ್ಷಕ್ಕೊಮ್ಮೆಯಾದರೂ ಮಕ್ಕಳನ್ನು ತಮ್ಮ ಊರಿನ ಕಲ್ಲಿನ ಮುಂದೆ ನಿಲ್ಲಿಸಿ, ಅದರಲ್ಲಿ ಏನು ಬರೆದಿದೆಯೆಂದು ತಿಳಿಸಬೇಕು.

ಫ್ಲೀಟರು ಕಲ್ಲನ್ನು ಓದಿದರು, ಹಲಗಲಿಯವರ ಹಾಡನ್ನು ಕೇಳಿದರು, ಓಲೆಯನ್ನು ಮಾತ್ರ ಕಾಣಲಿಲ್ಲ. ಅವರು ಓದಿದುದಕ್ಕೆ ನಾಡು ಋಣಿ. ಅವರಿಗೆ ಕಾಣದುದನ್ನು ತೋರಿಸುವ ಹೊಣೆ ಆಗಲೂ ಊರಿನವರದಾಗಿತ್ತು, ಈಗಲೂ ಊರಿನವರದೇ ಆಗಿದೆ. ಕಾಯುವವರೂ ಓದುವವರೂ ಒಂದೇ ಊರಿನಲ್ಲಿ ಹುಟ್ಟಿದಾಗ ಶಾಸನದ ಕೊನೆಯ ಸಾಲಿನ ಅಪ್ಪಣೆ ಪೂರ್ಣವಾಗಿ ನೆರವೇರುತ್ತದೆ.